ಕ್ಯಾನಿನೊಳಗಿನ ಚಳಿ

12 ಜನವರಿ 2025, ಭಾನುವಾರ
ದಾವಣಗೆರೆ

ಆರು ಗಂಟೆಗೇ ಆನಗೋಡಿನಿಂದ ಫೋನ್ ಬಂತು, ಎಮ್ಮೆ ಬೆದೆಗೆ ಬಂದಿದೆಯೆಂದು. ಹೊರಡುವ ಮುನ್ನ ಎಂದಿನಂತೆ ದ್ರವ ಸಾರಜನಕದ ಕ್ಯಾನಿಗೆ ಮರದ ಕಡ್ಡಿ ಇಳಿಸಿ, ತೆಗೆದು, ಗಾಳಿಯಲ್ಲಿ ಆಡಿಸಿದೆ. ಬೆಳ್ಳಗೆ ಹಿಮ ಹತ್ತಿದ್ದು ನಾಲ್ಕೇ ಬೆರಳು, ಅಂದರೆ ದ್ರವ ಉಳಿದದ್ದು ಅಷ್ಟೇ. ಹಾಗೆ ಬಿಟ್ಟರೆ ಕೃತಕ ಗರ್ಭಧಾರಣೆಗೆ ಅದರಲ್ಲಿಟ್ಟ ವೀರ್ಯದ ನಳಿಕೆಗಳೆಲ್ಲ ಹಾಳಾಗುತ್ತವೆ. ಸೊನ್ನೆಗಿಂತ 196 ಡಿಗ್ರಿ ಕೆಳಗಿನ ದ್ರವ, ದಿನವೂ ಇಷ್ಟಿಷ್ಟು ಆವಿಯಾಗುತ್ತಲೇ ಇರುತ್ತದೆ. ಮುಚ್ಚಳ ಬಿಗಿಯುವಂತಿಲ್ಲ, ಬಿಗಿದರೆ ಕ್ಯಾನೇ ಸಿಡಿದೀತು. ಹದಿನಾಲ್ಕು ವರ್ಷದಿಂದ ಈ ಚಳಿಯನ್ನು ಬೈಕಿಗೆ ಕಟ್ಟಿಕೊಂಡು ಊರೂರು ತಿರುಗಿದ್ದೇನೆ.

ಅದಕ್ಕೇ ಇರಬೇಕು, ನಿನ್ನೆ ರಾತ್ರಿ ಓದಿದ ಹಡಗು ಇಡೀ ದಿನ ತಲೆಯಿಂದ ಇಳಿಯಲಿಲ್ಲ. ರಷ್ಯಾದ ಯಮಾಲ್ ಪರ್ಯಾಯ ದ್ವೀಪದಲ್ಲಿ ಸಬೆಟ್ಟಾ ಎಂಬ ಬಂದರು. ನೆಲದಡಿಯ ಉರಿಯುವ ಅನಿಲವನ್ನು, ಬಹುಪಾಲು ಮೀಥೇನ್ ಅದು, ಅಲ್ಲಿ ಮೈನಸ್ 162 ಡಿಗ್ರಿಗೆ ತಣಿಸಿ ದ್ರವ ಮಾಡುತ್ತಾರೆ. ಆರುನೂರು ಪಾಲು ಇದ್ದದ್ದು ಒಂದು ಪಾಲಾಗುತ್ತದೆ. 2017ರ ಡಿಸೆಂಬರಿನಲ್ಲಿ ಮೊದಲ ಸರಕು ಹೊತ್ತದ್ದು ‘ಕ್ರಿಸ್ಟೋಫ್ ದ ಮಾರ್ಜರಿ’. ನನ್ನ ಕ್ಯಾನು ಮೂರು ಲೀಟರಿನದು. ಆ ಹಡಗಿನದು 1,72,600 ಘನ ಮೀಟರ್! ಎರಡು ಮೀಟರ್ ದಪ್ಪದ ಮಂಜುಗಡ್ಡೆಯನ್ನೂ ಸೀಳುತ್ತದೆಯಂತೆ, ಅದೂ ಹಿಮ್ಮುಖವಾಗಿ. ಹಿಂಬದಿಯ ತಳದಲ್ಲಿ ಎತ್ತ ಬೇಕಾದರೂ ತಿರುಗುವ ಮೂರು ಚಾಲಕ ಯಂತ್ರಗಳಿವೆ. ಗಡ್ಡೆ ತೀರಾ ದಪ್ಪವಾದಾಗ ಹಡಗು ಬೆನ್ನು ತಿರುಗಿಸಿ, ಅವುಗಳ ರೆಕ್ಕೆಗಳಿಂದ ಅರೆಯುತ್ತಾ ಸಾಗುತ್ತದೆ. ಎರೆಹೊಲದಲ್ಲಿ ಹೂತ ಟ್ರ್ಯಾಕ್ಟರನ್ನು ಹಿಂದಕ್ಕೆ ತೆಗೆದು ಬಿಡಿಸಿಕೊಳ್ಳುವುದನ್ನು ಕಂಡಿದ್ದೇನೆ. ಇದು 299 ಮೀಟರ್ ಉದ್ದದ ಹಡಗು.

ಅಲ್ಲಿ ಹೊರಗೆ ಮೈನಸ್ 50 ಇದ್ದರೂ ಆ ದ್ರವಕ್ಕೆ ಅದು ಕಡುಬೇಸಿಗೆಯೇ. ಹಾಗಾಗಿ ಅದೂ ಕುದಿಯುತ್ತದೆ, ನನ್ನ ಕ್ಯಾನಿನ ಹಾಗೆಯೇ. ಎದ್ದ ಆವಿಯನ್ನು ಹಡಗಿನ ಎಂಜಿನ್ನಿಗೇ ಉಣಿಸುತ್ತಾರೆ. ಓದುತ್ತಾ ‘ಭೇಷ್’ ಎಂದುಕೊಂಡೆ. ನನ್ನ ಸಾರಜನಕ ಬಯಲು ಗಾಳಿಗೆ ಸೇರಿದರೆ ಯಾರಿಗೂ ತೊಂದರೆಯಿಲ್ಲ. ಗಾಳಿಯೆಂದರೆ ಬಹುಪಾಲು ಅದೇ ತಾನೆ. ಮೀಥೇನ್ ಹಾಗಲ್ಲ. ಇಪ್ಪತ್ತು ವರ್ಷದ ಲೆಕ್ಕದಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ಎಂಬತ್ತು ಪಟ್ಟಿಗೂ ಹೆಚ್ಚು ಬಿಸಿ ಹಿಡಿದಿಡುತ್ತದೆ. ಅದನ್ನು ಸೋರಲು ಬಿಡುವುದು ಅಪರಾಧ. ಮಂಜುಗಡ್ಡೆ ತೆಳುವಾದಷ್ಟೂ ಆ ಹಡಗು ಸಾಗುವ ಜಲಮಾರ್ಗ ಸಲೀಸಾಗುತ್ತದೆ ಎಂಬ ಸಾಲು ಓದಿ ಮಾತ್ರ ಸಂಕಟವಾಯಿತು. ಯಮಾಲ್‌ನಲ್ಲಿ ಹಿಮಸಾರಂಗ ಮೇಯಿಸಿಕೊಂಡು ಬದುಕುವ ನೆನೆಟ್ಸ್ ಜನರಿದ್ದಾರೆ. ದನ ಸಾಕುವವರ ಮನೆಯಲ್ಲೇ ಅನ್ನ ದುಡಿಯುವ ನನಗೆ ಅವರದೇ ಚಿಂತೆ.

ರಾತ್ರಿ ರೊಟ್ಟಿ ತಟ್ಟುತ್ತಿದ್ದ ಅಮ್ಮನಿಗೆ ಇದನ್ನೆಲ್ಲ ಹೇಳಿದೆ. ಉರಿ ಸಣ್ಣ ಮಾಡಿ ಕೇಳಿಸಿಕೊಂಡಳು.

“ಒಲೆ ಉರಿಸುವುದಕ್ಕೆ ಅಷ್ಟು ಚಳಿ ಬೇಕೇನಪ್ಪ?”

ಮಲಗುವ ಮುನ್ನ ಮತ್ತೆ ಕಡ್ಡಿ ಇಳಿಸಿದೆ. ಮೂರೂವರೆ ಬೆರಳು. ಸಾರಜನಕದ ಗಾಡಿ ಬರುವುದು ಮಂಗಳವಾರ.