ನಲವತ್ತು ನಿಮಿಷದ ಪಾಠಕ್ಕೆ ಎರಡು ವರ್ಷದ ತಯಾರಿ

ನಮ್ಮ ಕಾಲೇಜಿನಲ್ಲಿ ಬಿ.ಎಡ್. ಮುಗಿಸಿದವರು ಬೆಂಗಳೂರಿನ ಯಾವ ಮೂಲೆಯಲ್ಲಿ ಸೇರಿದರೂ ಮಾತು ಮೈಕ್ರೋ ಟೀಚಿಂಗ್ (ಕಿರು ಬೋಧನಾಭ್ಯಾಸ) ಕಡೆಗೆ ತಿರುಗದೇ ಇರುವುದಿಲ್ಲ. ತತ್ತ್ವಶಾಸ್ತ್ರದ ನೋಟ್ಸ್ ಮರೆತಿರುತ್ತದೆ, ಮಕ್ಕಳ ಬುದ್ಧಿ ಬೆಳೆಯುವ ಬಗೆಗಿನ ಪಿಯಾಜೆಯ ಹಂತಗಳನ್ನು ಶಿಕ್ಷಕರ ಅರ್ಹತಾ ಪರೀಕ್ಷೆಯಾದ ಟಿಇಟಿಗಾಗಿ ಮತ್ತೊಮ್ಮೆ ಓದಿಕೊಂಡಿರುತ್ತೇವೆ. ಸಹಪಾಠಿಗಳನ್ನೇ ಎಂಟನೇ ತರಗತಿ ಮಕ್ಕಳೆಂದು ಕೂರಿಸಿಕೊಂಡು ಆರು ನಿಮಿಷ ಪಾಠ ಮಾಡಿದ್ದು ಮಾತ್ರ ಯಾರಿಗೂ ಮರೆತಿಲ್ಲ. ಕಾಲೇಜಿನ ಈ ಸಂಚಿಕೆಗೆ ನೆನಪುಗಳನ್ನು ಕೇಳಿದ್ದರಿಂದ, ಈ ವರ್ಷ ಸೇರಿರುವವರಿಗೆ ಕೆಲಸಕ್ಕೆ ಬರುವಂಥವನ್ನೇ ಆರಿಸಿ ಬರೆಯುತ್ತಿದ್ದೇವೆ.

ದಾಖಲಾತಿಯನ್ನು ನೀವು ದಾಟಿ ಬಂದಿದ್ದೀರಿ. ನಿಮ್ಮ ತಮ್ಮನೋ ತಂಗಿಯೋ ಮುಂದಿನ ವರ್ಷ ಅರ್ಜಿ ಹಾಕುವುದಿದ್ದರೆ ಇಷ್ಟು ಹೇಳಿ: ಪದವಿಯಲ್ಲಿ ಶೇ. 50 ಅಂಕ ಬೇಕು, ಎಂಜಿನಿಯರಿಂಗ್ ಪದವೀಧರರಿಗಾದರೆ ಶೇ. 55, ಮೀಸಲಾತಿ ಇರುವವರಿಗೆ ನಿಯಮದಂತೆ ರಿಯಾಯಿತಿ ಉಂಟು. ಸರ್ಕಾರಿ ಕೋಟಾದ ಸೀಟುಗಳು ಶಾಲಾ ಶಿಕ್ಷಣ ಇಲಾಖೆಯ ಕೇಂದ್ರೀಕೃತ ದಾಖಲಾತಿ ಘಟಕದ ಮೂಲಕ ಹಂಚಿಕೆಯಾಗುತ್ತವೆ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಒಂದು ಇನಿಷಿಯಲ್, ಪದವಿ ಅಂಕಪಟ್ಟಿಯಲ್ಲಿ ಇನ್ನೊಂದು ಇದ್ದರೆ ಅರ್ಜಿ ಹಾಕುವ ಮೊದಲೇ ಸರಿಮಾಡಿಸಿಕೊಳ್ಳಲಿ. ದಾಖಲೆ ಪರಿಶೀಲನೆಯ ದಿನ ಅದಕ್ಕೆ ಸಮಯ ಸಿಗುವುದಿಲ್ಲ. ಸೇರುವ ಕಾಲೇಜಿಗೆ ಶಿಕ್ಷಕರ ಶಿಕ್ಷಣವನ್ನು ನಿಯಂತ್ರಿಸುವ ರಾಷ್ಟ್ರೀಯ ಪರಿಷತ್ತಾದ ಎನ್‌ಸಿಟಿಇ ಮಾನ್ಯತೆ ಇದೆಯೇ ಎಂದು ನೋಡುವುದೂ ಅಷ್ಟೇ ಮುಖ್ಯ.

ಎನ್‌ಸಿಟಿಇಯ 2014ರ ನಿಯಮಾವಳಿಯಿಂದಾಗಿ ಒಂದು ವರ್ಷದ ಬಿ.ಎಡ್. ಎರಡು ವರ್ಷದ್ದಾಯಿತು. ವರ್ಷಕ್ಕೆ ಕನಿಷ್ಠ 200 ಕೆಲಸದ ದಿನ. ತರಗತಿ ಮತ್ತು ಪ್ರಾಯೋಗಿಕ ಕೆಲಸಕ್ಕೆ ಶೇ. 80, ಶಾಲಾ ಇಂಟರ್ನ್‌ಶಿಪ್‌ಗೆ ಶೇ. 90 ಹಾಜರಿ. ಕೆಲಸಕ್ಕೆ ಹೋಗುತ್ತಾ ಓದಿಬಿಡಬಹುದು ಎಂದುಕೊಂಡು ಬಂದವರು ಸಿಕ್ಕಿಬೀಳುವುದು ಈ ಶೇ. 90ರಲ್ಲಿ.

ಮೈಕ್ರೋ ಟೀಚಿಂಗ್‌ಗೆ ಬರೋಣ. ಎನ್‌ಸಿಇಆರ್‌ಟಿ ರೂಪಿಸಿದ ಮಾದರಿಯಲ್ಲಿ ಒಂದು ಸುತ್ತಿಗೆ 36 ನಿಮಿಷ: ಬೋಧನೆ 6, ಹಿಮ್ಮಾಹಿತಿ 6, ಮರುಯೋಜನೆ 12, ಮರುಬೋಧನೆ 6, ಮರುಹಿಮ್ಮಾಹಿತಿ 6. ಒಂದು ಸುತ್ತಿನಲ್ಲಿ ಒಂದೇ ಕೌಶಲ. ಪೀಠಿಕೆ, ಪ್ರಶ್ನಿಸುವಿಕೆ, ವಿವರಣೆ, ಪುನರ್ಬಲನ (ಸರಿ ಉತ್ತರಕ್ಕೆ ಮೆಚ್ಚುಗೆ ಕೊಟ್ಟು ಹುರಿದುಂಬಿಸುವುದು), ಕಪ್ಪುಹಲಗೆ ಬಳಕೆ, ಪ್ರಚೋದನೆಯ ಬದಲಾವಣೆ (ದನಿ, ಹಾವಭಾವ, ಓಡಾಟ ಬದಲಿಸಿ ಗಮನ ಹಿಡಿಯುವುದು), ಯಾವುದೇ ಇರಲಿ, ಆರು ನಿಮಿಷ ಅದೊಂದನ್ನೇ ತಿದ್ದಿಕೊಳ್ಳಬೇಕು. ಇದು ಕೆಡುವುದು ಎರಡು ಕಡೆ. ಹಿಮ್ಮಾಹಿತಿ ಕೊಡುವ ಗೆಳೆಯರು ಸ್ನೇಹಕ್ಕೆ ಕಟ್ಟುಬಿದ್ದು ‘ಚೆನ್ನಾಗಿತ್ತು’ ಎಂದು ವೀಕ್ಷಣಾ ಪತ್ರದಲ್ಲಿ ಎಲ್ಲದಕ್ಕೂ ಟಿಕ್ ಹಾಕಿಬಿಡುತ್ತಾರೆ. ಇನ್ನೊಂದು, ಹೊತ್ತಾಯಿತೆಂದು 12 ನಿಮಿಷದ ಮರುಯೋಜನೆಯನ್ನೇ ಹಾರಿಸುವುದು. ಆ ಹನ್ನೆರಡು ನಿಮಿಷ ಬಿಟ್ಟರೆ ಮರುಬೋಧನೆಯಲ್ಲಿ ಅದೇ ಪಾಠ ಮತ್ತೆ ಕೇಳಿಸುತ್ತದೆ, ಅಷ್ಟೇ. ಸಾಧ್ಯವಾದರೆ ಮೊಬೈಲಿನಲ್ಲಿ ಚಿತ್ರೀಕರಿಸಿಕೊಳ್ಳಿ. ಎಷ್ಟು ಸಲ ‘ಓಕೆ’, ‘ಅರ್ಥ ಆಯ್ತಾ’ ಎಂದಿದ್ದೀರಿ ಎಂಬುದು ಗೆಳೆಯರಿಗಿಂತ ಸ್ಪಷ್ಟವಾಗಿ ಅದರಲ್ಲಿ ಕಾಣುತ್ತದೆ.

ಈ ‘ಅರ್ಥ ಆಯ್ತಾ’ ಬಗ್ಗೆ ಸ್ವಲ್ಪ ನಿಂತು ಹೇಳಲೇಬೇಕು. ಇಡೀ ತರಗತಿ ‘ಆಯ್ತು ಮಿಸ್’ ಎಂದು ರಾಗವಾಗಿ ಹೇಳುತ್ತದೆ, ಶಿಕ್ಷಕರಿಗೆ ಒಂದು ಮಾಹಿತಿಯೂ ಸಿಗುವುದಿಲ್ಲ. ಪ್ರಶ್ನೆಯನ್ನು ಮೊದಲು ಇಡೀ ತರಗತಿಗೆ ಕೇಳಬೇಕು, ಕಾಯಬೇಕು, ಆಮೇಲೆ ಒಬ್ಬರ ಹೆಸರು ಕರೆಯಬೇಕು. ಹೆಸರು ಮೊದಲು ಬಂದರೆ ಉಳಿದವರೆಲ್ಲ ಯೋಚಿಸುವುದನ್ನು ಅಲ್ಲಿಗೇ ನಿಲ್ಲಿಸುತ್ತಾರೆ. ಶಿಕ್ಷಕರು ಸಾಮಾನ್ಯವಾಗಿ ಕಾಯುವುದು ಸುಮಾರು ಒಂದು ಸೆಕೆಂಡ್. ಅದನ್ನು ಮೂರಕ್ಕೆ ಏರಿಸಿದರೆ ಮಕ್ಕಳ ಉತ್ತರ ಉದ್ದವಾಗುತ್ತದೆ, ಸುಮ್ಮನೆ ಕೂರುವವರ ಸಂಖ್ಯೆ ಕಡಿಮೆಯಾಗುತ್ತದೆ ಎಂದು ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲೇ ತೋರಿಸಿದ್ದರು. ತರಗತಿಯ ಮುಂದೆ ನಿಂತಾಗ ಆ ಮೂರು ಸೆಕೆಂಡ್ ತುಂಬಾ ಉದ್ದ ಎನಿಸುತ್ತದೆ. ಮನಸ್ಸಿನಲ್ಲೇ ಎಣಿಸಿ.

ಪಾಠ ಯೋಜನೆ ಬರೆಯುವಾಗ ಹೆಚ್ಚಿನವರು ಕಲಿಕಾ ಫಲಗಳ ಅಂಕಣಕ್ಕೆ ಬೆವರು ಸುರಿಸಿ, ಶಿಕ್ಷಕರ ಚಟುವಟಿಕೆಯ ಅಂಕಣದಲ್ಲಿ ‘ಶಿಕ್ಷಕರು ಪ್ರಶ್ನೆಗಳನ್ನು ಕೇಳುವರು’ ಎಂದು ಒಂದು ಸಾಲು ಹಾಕಿ ಮುಗಿಸುತ್ತಾರೆ. ನಮ್ಮ ಅಭಿಪ್ರಾಯದಲ್ಲಿ ಶಿಕ್ಷಕರು ತಯಾರಾಗುವುದೇ ಈ ಅಂಕಣದಲ್ಲಿ. ಕೇಳುವ ಪ್ರಶ್ನೆಯನ್ನು ಅದೇ ಮಾತುಗಳಲ್ಲಿ ಬರೆಯಿರಿ. ಮಕ್ಕಳಿಂದ ಬರಬಹುದಾದ ತಪ್ಪು ಉತ್ತರವನ್ನು ಪಕ್ಕದಲ್ಲಿ ಬರೆಯಿರಿ, ಅದು ಬಂದರೆ ಮುಂದಿನ ಪ್ರಶ್ನೆ ಯಾವುದು ಎಂಬುದನ್ನೂ ಬರೆಯಿರಿ.

ಹತ್ತನೇ ತರಗತಿಯ ಜೀವಕ್ರಿಯೆಗಳು ಪಾಠದಲ್ಲಿ ಎಲೆಯ ಪಿಷ್ಟ ಪರೀಕ್ಷೆ ಬರುತ್ತದೆ. ವಿಜ್ಞಾನದವರ ಡೆಮೊ ಪಾಠಗಳಲ್ಲಿ ಹೆಚ್ಚು ಎಡವಟ್ಟಾಗುವುದು ಇದರಲ್ಲೇ. ಹಸಿರು, ಬಿಳಿ ಎರಡೂ ಇರುವ ಎಲೆಯ ಮನಿ ಪ್ಲಾಂಟನ್ನು ಮೂರು ದಿನ ಕತ್ತಲಲ್ಲಿಟ್ಟು, ಆಮೇಲೆ ಸುಮಾರು ಆರು ಗಂಟೆ ಬಿಸಿಲಿಗೆ ಇಡಬೇಕು. ಎಂದರೆ ಗುರುವಾರದ ಪಾಠಕ್ಕೆ ಭಾನುವಾರವೇ ಕುಂಡ ಕತ್ತಲೆ ಕೋಣೆಗೆ ಹೋಗಿರಬೇಕು. ಬೆಳಗಿನ ಮೊದಲ ಪೀರಿಯಡ್ ಆದರೆ ಬಿಸಿಲಿನ ಲೆಕ್ಕವನ್ನು ಹಿಂದಿನ ದಿನಕ್ಕೆ ಹಾಕಿ, ಎಲೆಯನ್ನು ಸಂಜೆಯೇ ಕಿತ್ತಿಡಬೇಕು. ರಾತ್ರಿಯಿಡೀ ಗಿಡದಲ್ಲೇ ಬಿಟ್ಟರೆ ಪಿಷ್ಟ ಕರಗಿಹೋಗುತ್ತದೆ. ಹಸಿರು ಎಲ್ಲೆಲ್ಲಿದೆ ಎಂದು ಕಾಗದದ ಮೇಲೆ ಗುರುತು ಹಾಕಿಕೊಂಡ ಮೇಲೆ ಎಲೆಯನ್ನು ಕುದಿಯುವ ನೀರಿನಲ್ಲಿ ಕೆಲವು ನಿಮಿಷ ಬಿಟ್ಟು, ಅನಂತರ ಆಲ್ಕೊಹಾಲ್ ಇರುವ ಬೀಕರಿಗೆ ಹಾಕಿ. ಆ ಬೀಕರನ್ನು ಎಂದಿಗೂ ಉರಿಯ ಮೇಲೆ ನೇರವಾಗಿ ಇಡಬೇಡಿ. ಆಲ್ಕೊಹಾಲ್ ಸುಮಾರು 78 ಡಿಗ್ರಿ ಸೆಲ್ಸಿಯಸ್‌ಗೇ ಕುದಿಯುತ್ತದೆ, ಅದರ ಆವಿ ಥಟ್ಟನೆ ಹೊತ್ತಿಕೊಳ್ಳುತ್ತದೆ. ಕುದಿಸಿದ ನೀರಿನ ಪಾತ್ರೆಯ ಕೆಳಗಿನ ಉರಿ ಆರಿಸಿ, ಅದರೊಳಗೆ ಬೀಕರ್ ಇಟ್ಟರೆ ಸಾಕು. ಬಣ್ಣ ಕಳೆದುಕೊಂಡ ಎಲೆ ಗರಿಗರಿಯಾಗಿ ಮುರಿಯುವಂತಾಗಿರುತ್ತದೆ. ಬಿಸಿನೀರಿನಲ್ಲಿ ಅದ್ದಿ ಮೆತ್ತಗೆ ಮಾಡಿಕೊಂಡು ಆಮೇಲೆ ಅಯೋಡಿನ್ ಹಾಕಿ. ಹಸಿರಿದ್ದ ಜಾಗ ಮಾತ್ರ ಕಡುನೀಲಿಯಾಗುತ್ತದೆ. ಇಷ್ಟೆಲ್ಲವನ್ನೂ ನಲವತ್ತು ನಿಮಿಷದಲ್ಲಿ ಮೊದಲಿಂದ ಮಾಡಹೊರಟರೆ ಅಯೋಡಿನ್ ಹಂತಕ್ಕೆ ಗಂಟೆ ಬಾರಿಸುತ್ತದೆ. ಬಣ್ಣ ತೆಗೆದ ಒಂದು ಎಲೆಯನ್ನು ಮೊದಲೇ ಸಿದ್ಧವಾಗಿಟ್ಟುಕೊಂಡು, ಮಕ್ಕಳ ಮುಂದೆ ಇನ್ನೊಂದನ್ನು ಆರಂಭಿಸುವುದು ಜಾಣತನ. ‘ಎಲೆಯನ್ನು ಕತ್ತಲಲ್ಲಿ ಏಕೆ ಇಟ್ಟೆವು?’ ಎಂಬ ಪ್ರಶ್ನೆಗೆ ‘ಬೆಳೆಯದಿರಲಿ ಎಂದು’ ಎಂಬ ಉತ್ತರ ಬರುವುದು ಹೆಚ್ಚು. ಮೊದಲೇ ಎಲೆಯಲ್ಲಿದ್ದ ಪಿಷ್ಟದ ಕಡೆಗೆ ಅವರನ್ನು ತರುವ ಪ್ರಶ್ನೆ ನಿಮ್ಮ ಯೋಜನೆಯಲ್ಲಿ ಇರಬೇಕು.

ಕಪ್ಪುಹಲಗೆಯನ್ನು ಅಭ್ಯಾಸ ಮಾಡಿಯೇ ಕಲಿಯಬೇಕು. ಕನ್ನಡ ಬರೆಯುವವರಿಗೆ ಒಂದು ವಿಶೇಷ ತೊಂದರೆ ಇದೆ: ಸಾಲುಗಳ ನಡುವೆ ಜಾಗ ಬಿಡದಿದ್ದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸು, ಕೊಂಬುಗಳಿಗೆ ತಾಗಿ ‘ಉತ್ಪತ್ತಿ’ಯಂಥ ಪದವನ್ನು ಕೊನೆಯ ಬೆಂಚಿನಿಂದ ಓದಲಾಗುವುದಿಲ್ಲ. ಒಂದು ಸಾಲಿನ ಎತ್ತರದಷ್ಟು ಜಾಗವನ್ನು ಕೆಳಗೆ ಬಿಡಿ, ಬರೆದ ಮೇಲೆ ಹಿಂದೆ ಹೋಗಿ ನೋಡಿ. ಎಡಭಾಗದ ದೊಡ್ಡ ಪಾಲು ಪಾಠದ ಮುಖ್ಯಾಂಶಕ್ಕೆ, ಬಲಗಡೆಯ ಕಿರಿದಾದ ಪಟ್ಟಿ ಚಿತ್ರಕ್ಕೂ ಲೆಕ್ಕಕ್ಕೂ.

ಇಂಟರ್ನ್‌ಶಿಪ್ ಒಟ್ಟು 20 ವಾರ: ಮೊದಲ ವರ್ಷ 4, ಎರಡನೇ ವರ್ಷ 16. ಶಾಲೆ ಆರಿಸುವ ಅವಕಾಶವಿದ್ದರೆ ಒಂದೇ ಬಿಎಂಟಿಸಿ ಬಸ್ಸಿನಲ್ಲಿ ತಲುಪುವಂಥದ್ದನ್ನು ಆರಿಸಿ. ಬಸ್ಸು ಬದಲಿಸಬೇಕಾದರೆ ಬೆಳಗಿನ ಪ್ರಾರ್ಥನೆಗೆ ತಲುಪುವ ಭರವಸೆ ಇರುವುದಿಲ್ಲ. ಸಾಮಾನ್ಯವಾಗಿ 8 ಮತ್ತು 9ನೇ ತರಗತಿಗಳನ್ನು ಕೊಡುತ್ತಾರೆ, ಎಸ್‌ಎಸ್‌ಎಲ್‌ಸಿ ಇರುವ ಹತ್ತನೇ ತರಗತಿಯನ್ನು ಬಿಟ್ಟುಕೊಡಲು ವಿಷಯ ಶಿಕ್ಷಕರು ಹಿಂಜರಿಯುತ್ತಾರೆ, ಅದು ನ್ಯಾಯವೇ. ಮೊದಲ ವಾರವೇ ಅವರ ಹತ್ತಿರ ಕೂತು ಯಾವ ಘಟಕ ಯಾವ ತಿಂಗಳು ಎಂದು ಬರೆದುಕೊಳ್ಳಿ. ಅವರು ಮುಗಿಸಿದ ಘಟಕಕ್ಕೆ ನೀವು ಯೋಜನೆ ಬರೆದಿಟ್ಟುಕೊಂಡರೆ ಅಷ್ಟೂ ಕೆಲಸ ಹೊಸದಾಗಿ ಮಾಡಬೇಕು.

ಬೆಂಗಳೂರಿನ ಕನ್ನಡ ಮಾಧ್ಯಮದ ತರಗತಿಯಲ್ಲಿ ಮನೆಮಾತು ತಮಿಳು, ತೆಲುಗು, ಉರ್ದು ಇರುವ ಮಕ್ಕಳ ಪಕ್ಕದಲ್ಲೇ ಕಟ್ಟಡ ಕೆಲಸಕ್ಕೆಂದು ರಾಯಚೂರು, ಯಾದಗಿರಿ ಕಡೆಯಿಂದ ಬಂದ ಕುಟುಂಬಗಳ ಮಕ್ಕಳು ಕೂತಿರುತ್ತಾರೆ. ಪಠ್ಯದ ಗ್ರಾಂಥಿಕ ಕನ್ನಡ ಇವರಲ್ಲಿ ಯಾರ ಮನೆಯ ಮಾತೂ ಅಲ್ಲ. ಉತ್ತರ ಬಾರದ ಮಗುವನ್ನು ‘ನಿಧಾನ ಕಲಿಕೆಯವರು’ ಎಂದು ದಾಖಲೆಯಲ್ಲಿ ಬರೆಯುವ ಮೊದಲು ಪ್ರಶ್ನೆಯನ್ನು ಆಡುಮಾತಿನಲ್ಲಿ ಒಮ್ಮೆ ಕೇಳಿ. ಒಂದು ಮಗುವನ್ನು ಹತ್ತಿರದಿಂದ ನೋಡಿ ಬರೆಯುವ ವ್ಯಕ್ತಿ ಅಧ್ಯಯನಕ್ಕೂ, ತರಗತಿಯ ಸಮಸ್ಯೆಗೆ ಶಿಕ್ಷಕರೇ ಪರಿಹಾರ ಹುಡುಕುವ ಕ್ರಿಯಾ ಸಂಶೋಧನೆಗೂ ಇದಕ್ಕಿಂತ ಒಳ್ಳೆಯ ವಿಷಯ ಹುಡುಕಬೇಕಾಗಿಲ್ಲ.

ಘಟಕ ಪರೀಕ್ಷೆಯ ನೀಲನಕ್ಷೆಯನ್ನು, ಎಂದರೆ ಯಾವ ಉದ್ದೇಶಕ್ಕೆ ಎಷ್ಟು ಪ್ರಶ್ನೆ, ಎಷ್ಟು ಅಂಕ ಎಂದು ಹಂಚುವ ಕೋಷ್ಟಕವನ್ನು, ಪ್ರಶ್ನೆಪತ್ರಿಕೆಗಿಂತ ಮೊದಲು ಮಾಡಿ. ಪ್ರಶ್ನೆ ಬರೆದು ಆಮೇಲೆ ನಕ್ಷೆ ತುಂಬಿಸಿದರೆ ಜ್ಞಾನದ ಉದ್ದೇಶಕ್ಕೇ ಅಂಕಗಳು ಗುಡ್ಡೆಬಿದ್ದು ಅನ್ವಯದ ಕಲಂ ಖಾಲಿ ಉಳಿಯುತ್ತದೆ. ಆವರಣದೊಳಗೆ ಪ್ರಶ್ನೆಗಳ ಸಂಖ್ಯೆ, ಹೊರಗೆ ಅಂಕ. ಅಡ್ಡ, ಉದ್ದ ಎರಡೂ ಕಡೆ ಕೂಡಿದಾಗ ಒಂದೇ ಮೊತ್ತ ಬರಬೇಕು.

ಬಿ.ಎಡ್. ಪ್ರಮಾಣಪತ್ರ ಬಂದ ಕೂಡಲೇ 6ರಿಂದ 8ನೇ ತರಗತಿಯ ಸರ್ಕಾರಿ ಶಿಕ್ಷಕರಾಗಲು ಅರ್ಹತೆ ಪೂರ್ತಿಯಾಗುವುದಿಲ್ಲ, ಟಿಇಟಿಯ ಪತ್ರಿಕೆ 2 ಪಾಸಾಗಬೇಕು. 150 ಅಂಕ, ಎರಡೂವರೆ ಗಂಟೆ, ತಪ್ಪಿಗೆ ಅಂಕ ಕಡಿತವಿಲ್ಲ. ಸಾಮಾನ್ಯ ವರ್ಗಕ್ಕೆ ಶೇ. 60, ಎಂದರೆ 90 ಅಂಕ. ಶಿಶು ವಿಕಾಸ ಮತ್ತು ಬೋಧನಾಶಾಸ್ತ್ರ 30, ಎರಡು ಭಾಷೆಗಳಿಗೆ ತಲಾ 30, ಗಣಿತ-ವಿಜ್ಞಾನ ಅಥವಾ ಸಮಾಜ ವಿಜ್ಞಾನ 60. ವಿಷಯವನ್ನೇ ನಂಬಿ ಕೂತವರು ಭಾಷೆಗಳ 60 ಅಂಕದಲ್ಲಿ ಕೈ ಸುಟ್ಟುಕೊಳ್ಳುತ್ತಾರೆ. 1ರಿಂದ 5ನೇ ತರಗತಿಗೆ ಬಿ.ಎಡ್. ಅರ್ಹತೆಯಲ್ಲ ಎಂದು ಸುಪ್ರೀಂ ಕೋರ್ಟ್ 2023ರ ಆಗಸ್ಟ್‌ನಲ್ಲಿ ತೀರ್ಪು ಕೊಟ್ಟಿದೆ, ಅಲ್ಲಿಗೆ ಡಿ.ಎಲ್.ಎಡ್. (ಪ್ರಾಥಮಿಕ ಶಿಕ್ಷಣದ ಡಿಪ್ಲೊಮಾ) ಓದಿದವರೇ ಬೇಕು. ಕೇಂದ್ರೀಯ ವಿದ್ಯಾಲಯಗಳ ಕಡೆ ಕಣ್ಣಿರುವವರು ಸಿಬಿಎಸ್‌ಇ ನಡೆಸುವ ಕೇಂದ್ರೀಯ ಶಿಕ್ಷಕರ ಅರ್ಹತಾ ಪರೀಕ್ಷೆ ಸಿಟಿಇಟಿಯನ್ನೂ ಬರೆದಿಟ್ಟುಕೊಳ್ಳಿ. ಟಿಇಟಿ ಪ್ರಮಾಣಪತ್ರಕ್ಕೆ ಈಗ ಜೀವಿತಾವಧಿಯ ಮಾನ್ಯತೆ ಇದೆ, ಆದರೆ ಅದು ನೇಮಕಾತಿ ಆದೇಶವಲ್ಲ. ನೇಮಕಾತಿಗೆ ಬೇರೆಯೇ ಸ್ಪರ್ಧಾತ್ಮಕ ಪರೀಕ್ಷೆ ಇರುತ್ತದೆ. ಅಷ್ಟರಲ್ಲಿ ನಗರದ ಖಾಸಗಿ ಶಾಲೆಗಳಿಗೆ ಅರ್ಜಿ ಹಾಕಿದರೆ ಅಲ್ಲಿ ಮೊದಲು ಕೇಳುವುದು ಡೆಮೊ ಪಾಠ. ಇಡೀ ಘಟಕವನ್ನು ಅದರಲ್ಲಿ ತುರುಕಲು ಹೋಗದೆ ಒಂದು ಪರಿಕಲ್ಪನೆ, ನಾಲ್ಕು ಒಳ್ಳೆಯ ಪ್ರಶ್ನೆ, ಹಲಗೆಯ ಮೇಲೆ ಒಂದು ಚಿತ್ರ, ಇಷ್ಟನ್ನು ಸಿದ್ಧಮಾಡಿಕೊಂಡು ಹೋಗಿ.