ಹೊಸೂರಿನಲ್ಲಿ ಕೇಳಿದ ಅಕ್ಕರೆ

ದೊಡ್ಡಮ್ಮನಿಗೆ ಮಂಡಿ ಆಪರೇಷನ್ ಆಗಿತ್ತು. ನೋಡಿಕೊಂಡು ಬರೋಣ ಅಂತ ಬೆಂಗಳೂರಿನಿಂದ ಬೆಳಿಗ್ಗೆಯ ಬಸ್ಸಿಗೇ ಹೊಸೂರಿಗೆ ಹೋದೆ. ಊರು ತಮಿಳುನಾಡಿನದಾದರೂ ಅಲ್ಲಿ ತಮಿಳು, ತೆಲುಗು, ಕನ್ನಡ ಮೂರೂ ಕಿವಿಗೆ ಬೀಳುತ್ತವೆ. ದೊಡ್ಡಮ್ಮ ಮೂರರಲ್ಲೂ ಸಲೀಸಾಗಿ ಮಾತಾಡುತ್ತಾರೆ.

ನಾನು ಹೋದಾಗ ಪಕ್ಕದ ಮನೆಯ ತಮಿಳು ಹೆಂಗಸು ಬಿಸಿ ರಸಂ ತಂದು ಕೂತಿದ್ದರು. ರಾತ್ರಿಯ ಮಾತ್ರೆ ಹಾಗೇ ಉಳಿದಿದ್ದು ಅವರ ಕಣ್ಣಿಗೆ ಬಿತ್ತು. ‘ಉಡಂಬು ಮೇಲೆ ಅಕ್ಕರೈಯೇ ಇಲ್ಲೆ ಉಂಗಳುಕ್ಕು!’ ಎಂದು ಗದರಿದರು.

‘ಮೈ ಮೇಲೆ ನಿಗಾನೇ ಇಲ್ಲ ಅಂತಿದ್ದಾಳೆ ಕಣೇ’ ಎಂದರು ದೊಡ್ಡಮ್ಮ.

ನಮ್ಮ ಅಕ್ಕರೆಯೇ ಇದು. ತಮಿಳಿನಲ್ಲಿ ಕಾಳಜಿ, ನಿಗಾ ಎನ್ನುವ ಕಡೆ ಸಲ್ಲುತ್ತದೆ. ನಮ್ಮಲ್ಲಿ ಅಕ್ಕರೆ ಹೆಚ್ಚಾಗಿ ದೊಡ್ಡವರಿಂದ ಚಿಕ್ಕವರ ಕಡೆಗೆ ಹರಿಯುತ್ತದೆ, ಅಲ್ವಾ? ಅಜ್ಜಿ ಮೊಮ್ಮಗನನ್ನು ಅಕ್ಕರೆಯಿಂದ ಎತ್ತಿಕೊಳ್ಳುತ್ತಾಳೆ. ಅತ್ತೆ ಅಕ್ಕರೆಯಿಂದ ಬಡಿಸುತ್ತಾಳೆ. ‘ನಿನ್ನ ಮೇಲೆ ನನಗೆ ಅಕ್ಕರೆ’ ಎಂದು ಎದುರಿಗೆ ನಿಂತು ಹೇಳುವವರು ಕಡಿಮೆ. ಪಡೆದವರೇ ಆಮೇಲೆ ‘ಎಷ್ಟು ಅಕ್ಕರೆಯಿಂದ ನೋಡಿಕೊಂಡರು’ ಎಂದು ನೆನೆಯುವುದು ಜಾಸ್ತಿ. ಇಲ್ಲಿ ಮಗಳ ವಯಸ್ಸಿನವರು ದೊಡ್ಡಮ್ಮನನ್ನು ಗದರುತ್ತಿದ್ದರು. ಅದೂ ಅಪ್ಪಟ ಅಕ್ಕರೆಯೇ. ದೊಡ್ಡಮ್ಮ ಒಂದು ಮಾತೂ ಆಡದೆ ಮಾತ್ರೆ ನುಂಗಿದರು.

ಮಧ್ಯಾಹ್ನ ಮನೆಗೆಲಸದ ತೆಲುಗು ಹೆಂಗಸು ಬಂದರು. ಆಪರೇಷನ್ ಆದಾಗಿನಿಂದ ರಾತ್ರಿಯೂ ಇಲ್ಲೇ ಮಲಗುತ್ತಿದ್ದಾರಂತೆ. ನಾನು ಸಂಬಳದ ಮೇಲೆ ಒಂದಿಷ್ಟು ದುಡ್ಡು ಕೊಡಲು ಹೋದೆ. ‘ಅಕ್ಕರ್ಲೇದಮ್ಮಾ’ ಎಂದು ನನ್ನ ಕೈಯನ್ನು ಮೆಲ್ಲಗೆ ಹಿಂದಕ್ಕೆ ತಳ್ಳಿದರು. ತೆಲುಗಿನಲ್ಲಿ ಅಕ್ಕರ ಎಂದರೆ ಬೇಕಾಗುವುದು, ಅಗತ್ಯ. ಬೇಡಮ್ಮಾ ಎಂದಷ್ಟೇ ಅವರು ಹೇಳಿದ್ದು. ನನಗಂತೂ ಅದರಲ್ಲಿ ನಮ್ಮ ಅಕ್ಕರೆಯೇ ಕೇಳಿಸಿತು.

ಹಳಗನ್ನಡದಲ್ಲಿ ಈ ಪದ ‘ಅಕ್ಕಱ್’. ಕನ್ನಡ ಕೈಬಿಟ್ಟ ಆ ಱ ಎಂಬ ಹಳೆಯ ಅಕ್ಷರ ತಮಿಳಿನ ‘ಅಕ್ಕರೈ’ ಬರಹದಲ್ಲಿ ಇನ್ನೂ ಉಳಿದಿದೆ. ಅಕ್ಷರದ ತದ್ಭವವಾದ ‘ಅಕ್ಕರ’ ಬೇರೆ. ಪಿರಿಯಕ್ಕರ, ಕಿರಿಯಕ್ಕರ ಎಂಬ ಛಂದಸ್ಸಿನ ಹೆಸರುಗಳಲ್ಲಿ ಇರುವುದು ಆ ‘ಅಕ್ಕರ’. ನಿಘಂಟಿನಲ್ಲಿ ಇವನ್ನೆಲ್ಲ ಮುಂಚೆಯೇ ಓದಿದ್ದೆ. ಆದರೆ ಪ್ರೀತಿ, ಕಾಳಜಿ, ಅಗತ್ಯ ಮೂರೂ ಒಂದೇ ಮಂಚದ ಸುತ್ತ ಓಡಾಡುವುದನ್ನು ನೋಡಿದ್ದು ಹೊಸೂರಿನಲ್ಲಿ.

ಸಂಜೆ ಹೊರಡುವಾಗ ದೊಡ್ಡಮ್ಮ ಆ ಮನೆಗೆಲಸದ ಹೆಂಗಸಿನ ಮಗಳ ಕಾಲೇಜು ಫೀಸು ಯಾವಾಗ ಕಟ್ಟಬೇಕು ಎಂದು ವಿಚಾರಿಸುತ್ತಿದ್ದರು. ಈ ಸಲ ದುಡ್ಡು ಬೇಡ ಎನ್ನಲು ದೊಡ್ಡಮ್ಮ ಬಿಡಲಿಲ್ಲ.