ಶಲ್ಲೂಮನ ಹೆಣ್ಣುಮಕ್ಕಳು ನಿಜವಾಗಿ ಗೋಡೆ ಕಟ್ಟಿದರೇ?

ಬೈಬಲಿನ ಹಳೆಯ ಒಡಂಬಡಿಕೆಯಲ್ಲಿರುವ ನೆಹೆಮೀಯನ ಗ್ರಂಥದ 3ನೆಯ ಅಧ್ಯಾಯವನ್ನು ಓದಿದವರು ನನ್ನನ್ನು ತಪ್ಪದೆ ಕೇಳುವ ಪ್ರಶ್ನೆ ಇದು. ಕ್ರಿ.ಪೂ. 445ರ ಸುಮಾರಿಗೆ ಪರ್ಷಿಯದ ಅರಸ ಅರ್ತಷಸ್ತನ ಅಪ್ಪಣೆ ಪಡೆದು ಬಂದ ಯೆಹೂದ್ಯ ನಾಯಕ ನೆಹೆಮೀಯನು, ಪಾಳುಬಿದ್ದಿದ್ದ ಜೆರುಸಲೇಮಿನ ಗೋಡೆಯನ್ನು 52 ದಿನಗಳಲ್ಲಿ ಕಟ್ಟಿಸಿದಾಗ ಯಾರು ಯಾವ ಭಾಗವನ್ನು ವಹಿಸಿಕೊಂಡರೆಂಬ ಪಟ್ಟಿ ಅಲ್ಲಿದೆ. ಗೋಡೆಯ ‘ಒಲೆಗಳ ಬುರುಜ’ನ್ನು ಸರಿಪಡಿಸಿದವರ ಪಕ್ಕದಲ್ಲಿ ಕೆಲಸ ಮಾಡಿದವನು ಹಲ್ಲೋಹೇಷನ ಮಗ ಶಲ್ಲೂಮ, ಜೆರುಸಲೇಮ್ ಸೀಮೆಯ ಅರ್ಧ ಭಾಗದ ಅಧಿಪತಿ. ಅವನೊಂದಿಗೆ ಅವನ ಕುಮಾರ್ತೆಯರು. 12ನೆಯ ವಚನ ಇಷ್ಟನ್ನೇ ಹೇಳಿ ಮುಂದಿನವರ ಹೆಸರಿಗೆ ಹೋಗಿಬಿಡುತ್ತದೆ.

ಕಟ್ಟಿದರು ಎಂದೇ ನನ್ನ ಉತ್ತರ. ಹೀಬ್ರೂ ಭಾಷೆಯಲ್ಲಿ ಒಂದು ಪಟ್ಟಣಕ್ಕೆ ಸೇರಿದ ಹಳ್ಳಿಗಳನ್ನು ಅದರ ‘ಹೆಣ್ಣುಮಕ್ಕಳು’ ಎಂದು ಕರೆಯುವ ರೂಢಿಯಿದೆ. ಇದೇ ಗ್ರಂಥದ 11ನೆಯ ಅಧ್ಯಾಯದಲ್ಲಿ ಆ ಬಳಕೆ ಕಾಣುತ್ತದೆ. ಅದನ್ನು ಆಧಾರವಾಗಿಟ್ಟುಕೊಂಡು ಇಲ್ಲಿಯೂ ಹಳ್ಳಿಗಳೆಂದೇ ಅರ್ಥ ಮಾಡುವ ವಿದ್ವಾಂಸರಿದ್ದಾರೆ. ಆದರೆ 11ನೆಯ ಅಧ್ಯಾಯದಲ್ಲಿ ಆ ಮಾತು ಊರಿನ ಹೆಸರಿಗೆ ಅಂಟಿಕೊಂಡು ಬರುತ್ತದೆ. ಇಲ್ಲಿಯಾದರೋ ಒಬ್ಬ ಮನುಷ್ಯನ ಹೆಸರು ಹೇಳಿ ‘ಅವನೂ ಅವನ ಕುಮಾರ್ತೆಯರೂ’ ಎಂದಿರುವುದರಿಂದ, ನೇರವಾದ ಅರ್ಥವನ್ನು ಬಿಟ್ಟು ಸುತ್ತುದಾರಿ ಹಿಡಿಯಲು ನನಗೆ ಕಾರಣ ಕಾಣುವುದಿಲ್ಲ. ಹೆಂಗಸರಿಗೆ ಗಾರೆ ಕೆಲಸ ಗೊತ್ತಿತ್ತೇ ಎಂದು ಕೆಲವರು ಅನುಮಾನಿಸುತ್ತಾರೆ. ಅದೇ ಪಟ್ಟಿಯಲ್ಲಿ ಯಾಜಕರು, ಅಕ್ಕಸಾಲಿಗರು, ಸುಗಂಧದ್ರವ್ಯ ಮಾಡುವವರು, ವ್ಯಾಪಾರಿಗಳು ಇದ್ದಾರೆ. ಅವರಿಗೆ ಗೊತ್ತಿತ್ತೇ ಎಂದು ಮಾತ್ರ ಯಾರೂ ಕೇಳುವುದಿಲ್ಲ! ಕಲ್ಲುಮಣ್ಣಿನ ರಾಶಿಯನ್ನು ಸರಿಸುವುದೂ ಈ ಕೆಲಸದ ದೊಡ್ಡ ಭಾಗವಾಗಿತ್ತೆಂಬುದು, ಹೊರೆ ಹೊರುವವರ ಬಲ ಕುಂದಿತೆಂದು 4ನೆಯ ಅಧ್ಯಾಯದಲ್ಲಿ ಜನರು ಗೋಳಾಡುವುದರಿಂದ ತಿಳಿಯುತ್ತದೆ.

ಶಲ್ಲೂಮನು ಸಾಮಾನ್ಯನಲ್ಲ ಎಂಬುದನ್ನೂ ಗಮನಿಸಬೇಕು. ತೆಕೋವ ಎಂಬ ಊರಿನ ಶ್ರೀಮಂತರು ಈ ಕೆಲಸಕ್ಕೆ ಕತ್ತು ಕೊಡಲಿಲ್ಲವೆಂದು 5ನೆಯ ವಚನ ಬರೆದಿಟ್ಟಿದೆ; ಈ ಅಧಿಪತಿಯಾದರೋ ಆಳುಗಳನ್ನು ಕಳುಹಿಸಿ ಸುಮ್ಮನಾದನೆಂದು ಬರೆದಿಲ್ಲ, ಮನೆಯ ಹೆಣ್ಣುಮಕ್ಕಳನ್ನೇ ಜೊತೆಗೆ ಸೇರಿಸಿ ಹೇಳಲಾಗಿದೆ. ಅವನಿಗೆ ಗಂಡುಮಕ್ಕಳಿರಲಿಲ್ಲವೇನೋ ಎಂಬುದು ಬರೀ ಊಹೆ.

ನನ್ನನ್ನು ಹೆಚ್ಚಾಗಿ ಕಾಡುವುದು ಇದೇ ಗ್ರಂಥದಲ್ಲಿ ಹೆಣ್ಣುಮಕ್ಕಳ ಮಾತು ಬರುವ ಉಳಿದ ಕಡೆಗಳು. 4ನೆಯ ಅಧ್ಯಾಯದಲ್ಲಿ ಗಂಡಸರು ಕಾದಾಡಿ ಕಾಪಾಡಬೇಕಾದವರ ಸಾಲಿನಲ್ಲಿ ಅವರಿದ್ದಾರೆ. 5ನೆಯ ಅಧ್ಯಾಯದಲ್ಲಿ, ಹೊಲ, ದ್ರಾಕ್ಷಿತೋಟಗಳನ್ನು ಒತ್ತೆಯಿಟ್ಟು ರಾಜನ ತೆರಿಗೆಗೆ ಸಾಲ ಮಾಡಿದ ಬಡವರು, ನಮ್ಮ ಹೆಣ್ಣುಮಕ್ಕಳಲ್ಲಿ ಕೆಲವರು ಆಗಲೇ ದಾಸಿಯರಾಗಿದ್ದಾರೆ, ಬಿಡಿಸಿಕೊಳ್ಳಲು ನಮಗೆ ಶಕ್ತಿಯಿಲ್ಲ ಎಂದು ಮೊರೆಯಿಡುತ್ತಾರೆ. ಗೋಡೆಯ ಒಂದು ಭಾಗದಲ್ಲಿ ಅಧಿಪತಿಯ ಮಕ್ಕಳು ಅಪ್ಪನ ಜೊತೆಗೆ ಕಲ್ಲೆತ್ತುತ್ತಿದ್ದ ದಿನಗಳಲ್ಲಿಯೇ, ಅದೇ ನಾಡಿನ ಬಡವರ ಮಕ್ಕಳು ಸಾಲ ಕೊಟ್ಟವರ ಮನೆಗಳಲ್ಲಿ ದುಡಿಯುತ್ತಿದ್ದರು. ಈ ಎರಡು ಗುಂಪಿನವರಲ್ಲಿ ಒಬ್ಬಳ ಹೆಸರೂ ಗ್ರಂಥದಲ್ಲಿ ಬಂದಿಲ್ಲ.